ಇಬ್ಬರಿಂದ ಭಾಗಿಸಿದ ಮನೆ

ಅವಳು ಬೀದಿಗೆ ಕಾಲಿಟ್ಟರೆ ಜನ ನಗುತ್ತಿದ್ದರು. ನಗದೆ ಇನ್ನೇನು ಮಾಡುತ್ತಾರೆ? ಒಂದು ಕೈಯಲ್ಲಿ ಕೊಕ್ಕೆಯಿರುವ ತೂಗುಗೋಲು, ಇನ್ನೊಂದರಲ್ಲಿ ನೆಲದ ಮೇಲಿಡುವ ತಕ್ಕಡಿ, ಹೆಗಲಿನ ಚೀಲದಲ್ಲಿ ಸೀಮೆಸುಣ್ಣ. ಬಾಗಿಲು ತಟ್ಟಿ, "ನಿಮ್ಮ ಮನೆ ಸಾಮಾನನ್ನೆಲ್ಲ ಒಂದ್ಸಲ ತೂಗಿ ಹೋಗ್ತೀನಿ" ಅನ್ನುವ ಹೆಂಗಸನ್ನು ಗುಜರಿಯವಳು ಅಂದುಕೊಂಡವರೇ ಹೆಚ್ಚು. "ಹಳೇ ಪೇಪರ್ ಏನೂ ಇಲ್ಲ, ಮುಂದಕ್ಕೆ ಹೋಗಮ್ಮ" ಎಂದು ಮುಖದ ಮೇಲೆ ಕದ ಹಾಕಿಕೊಂಡವರು ಬೇಕಾದಷ್ಟು ಜನ. ಹೀಗೆ ಅವಳಿಗೆ ತಕ್ಕಡಿ ಅಕ್ಕ ಎಂಬ ಹೆಸರು ಬಿತ್ತು. ಅವಳನ್ನು ಹೀಗೆ ಮನೆಮನೆಗೆ ಕಳಿಸುತ್ತಿದ್ದ ಆಫೀಸಿನಲ್ಲೂ ಅದೇ ಹೆಸರು ನಡೆಯುತ್ತಿತ್ತು. ಮನೆಯಲ್ಲಿ ಗಂಡ ಅದನ್ನೇ ಮೊಟಕು ಮಾಡಿ 'ತಕ್ಕಡಿ' ಎಂದು ಕರೆಯುತ್ತಿದ್ದ.

ಕೆಲಸವೇನೋ ಗುಜರಿಯದಲ್ಲ. ನಾವು ಅಂಗಡಿಯಿಂದ ಒಂದು ಬಾಣಲೆ ತರುತ್ತೇವೆ, ಬಾಣಲೆ ಮಾತ್ರ ತಂದೆವು ಅಂದುಕೊಳ್ಳುತ್ತೇವೆ. ಅದಕ್ಕಾಗಿ ಎಲ್ಲೋ ಒಂದು ಬೆಟ್ಟವನ್ನು ಅಗೆದಿರುತ್ತಾರೆ, ಕಲ್ಲು ಪುಡಿ ಮಾಡಿರುತ್ತಾರೆ, ಕಲ್ಲಿದ್ದಲು ಸುಟ್ಟಿರುತ್ತಾರೆ. ಬಾಣಲೆ ನಮ್ಮ ಒಲೆಯ ಮೇಲೆ ಕೂತರೆ, ಅಗೆದ ಮಣ್ಣು ಅಲ್ಲೇ ಗುಡ್ಡೆ ಬಿದ್ದಿರುತ್ತದೆ. ಕಣ್ಣಿಗೆ ಕಾಣದ ಆ ಮಣ್ಣು ಕಲ್ಲಿಗೆ ಆಫೀಸಿನವರು ಬೆನ್ನುಹೊರೆ ಎಂದು ಹೆಸರಿಟ್ಟಿದ್ದರು. ಪ್ರತಿ ವಸ್ತುವೂ ತನ್ನ ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಮನೆಯೊಳಗೆ ಬರುತ್ತದೆ. ಕಬ್ಬಿಣವಾದರೆ ಅದರ ತೂಕದ ಸುಮಾರು ಹತ್ತು ಪಟ್ಟು, ತಾಮ್ರವಾದರೆ ಮುನ್ನೂರು ಪಟ್ಟಿಗೂ ಮಿಕ್ಕಿ. ಇನ್ನು ಚಿನ್ನದ ಸುದ್ದಿ ಎತ್ತಿದರೆ ಹೆಂಗಸರು ಮುನಿಸಿಕೊಳ್ಳುತ್ತಿದ್ದರು. "ಈ ಒಂದು ಉಂಗುರದ ಹಿಂದೆ ಲಾರಿಗಟ್ಟಲೆ ಕಲ್ಲಿದೆ" ಅಂದರೆ ಯಾರಿಗೆ ತಾನೇ ಹಿತವಾಗುತ್ತದೆ?

ಲೆಕ್ಕ ಸುಲಭ. ವಸ್ತುವನ್ನು ತೂಗಬೇಕು, ಹೊರೆ ಎಷ್ಟು ಪಟ್ಟೋ ಅಷ್ಟರಿಂದ ಗುಣಿಸಬೇಕು. ಬಂದ ಹೊರೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಬೇಕು. ಆಮೇಲೆ ಬಳಸುವ ಜನರಿಂದ ಭಾಗಿಸಬೇಕು. ಒಬ್ಬ ಮನುಷ್ಯನ ತಲೆಯ ಮೇಲೆ ವರ್ಷಕ್ಕೆ ಎಷ್ಟು ಹೊರೆ ಅನ್ನುವುದು ಆಗ ಸಿಗುತ್ತದೆ. ಅದನ್ನು ಸೀಮೆಸುಣ್ಣದಲ್ಲಿ ಆ ವಸ್ತುವಿನ ಮೇಲೇ ಬರೆದುಬಿಡುತ್ತಿದ್ದರು, ಒಂದೇ ಸಾಮಾನನ್ನು ಎರಡು ಸಲ ತೂಗಬಾರದಲ್ಲ ಎಂದು.

ಆ ವರ್ಷ ಆಫೀಸಿನ ಮೇಡಂ ಹೊಸ ಪದ್ಧತಿಯೊಂದನ್ನು ತಂದರು. ಹಳೆಯದರಲ್ಲಿ ಇವತ್ತು ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ಸಾಕಿತ್ತು. ಹೊಸದರಲ್ಲಿ ಮುಂದಕ್ಕೆ ನೋಡಬೇಕು: ಈ ಸಾಮಾನು ಇನ್ನೆಷ್ಟು ವರ್ಷ ಬಾಳುತ್ತದೆ, ಆ ವರ್ಷಗಳಲ್ಲಿ ಎಷ್ಟು ಜನ ಅದನ್ನು ಬಳಸುತ್ತಾರೆ. ಮದುವೆಯಾಗಿ ಹೋಗುವ ಮಗಳಿದ್ದರೆ ಅವಳನ್ನು ಬಿಡಬೇಕು, ಹುಟ್ಟಲಿರುವ ಕೂಸಿದ್ದರೆ ಸೇರಿಸಬೇಕು. ಆ ಆಫೀಸಿನಲ್ಲಿ ಇನ್ನೊಂದು ರೂಢಿಯಿತ್ತು. ಯಾವ ಹೊಸ ಪದ್ಧತಿ ಬಂದರೂ ಅಳೆಯುವವರು ಮೊದಲು ತಮ್ಮ ಮನೆಯನ್ನೇ ಅಳೆಯಬೇಕು, ಬೀದಿಗೆ ಹೋಗುವುದೇನಿದ್ದರೂ ಆಮೇಲೆ. "ನಮ್ಮ ಬೆನ್ನು ನಾವು ನೋಡ್ಕೊಳ್ದೆ ಊರಿನವರ ಬೆನ್ನು ನೋಡೋದು ಸರಿಯಲ್ಲ" ಅನ್ನುತ್ತಿದ್ದರು ಮೇಡಂ. ಒಳ್ಳೆಯ ಮಾತೇ. ಆದರೆ ಆ ಒಳ್ಳೆಯ ಮಾತು ಯಾವ ಮನೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಮೇಡಂಗೆ ಹೇಗೆ ಗೊತ್ತಾಗಬೇಕು?

ಅವಳ ಗಂಡ ಮೋಟಾರು ವೈಂಡಿಂಗ್ ಮಾಡುವವನು. ಫ್ಯಾನು, ಮಿಕ್ಸಿ, ಪಂಪು, ಸುಟ್ಟುಹೋದದ್ದು ಏನೇ ಇರಲಿ, ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ತಿರುಗುವಂತೆ ಮಾಡುತ್ತಿದ್ದ. ಬೀದಿಯ ಮೂಲೆಯಲ್ಲಿ ಅಂಗೈಯಗಲದ ಅಂಗಡಿ. ಒಂದೊಂದು ಕಾಯಿಲಿಗೂ, ಅಂದರೆ ತಂತಿಯ ಸುರುಳಿಗೂ, ನೂರಾರು ಸುತ್ತು, ಒಂದು ಹೆಚ್ಚು ಕಡಿಮೆಯಾದರೂ ಮೋಟಾರು ಗೊರಗೊರ ಅನ್ನುತ್ತದೆ. ಬೇರೆಯವರು ಸುತ್ತುವ ಯಂತ್ರಕ್ಕೆ ಎಣಿಸುವ ಮುಳ್ಳು ಹಾಕಿಸಿಕೊಂಡಿದ್ದರು. ಇವನಿಗೆ ಅದು ಅವಮಾನ. ಇವನು ತುಟಿಯಲ್ಲೇ ಎಣಿಸುತ್ತಿದ್ದ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಬಾಂಬು ಬಿದ್ದರೂ ತಲೆಯೆತ್ತುವ ಪೈಕಿಯಲ್ಲ. ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ಬೆರಳು ಅಲ್ಲಾಡಿಸುತ್ತಿದ್ದ, ಅಷ್ಟೇ. ಅವನು ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ.

ಸುತ್ತಿದ ತಂತಿಗೆ ಬಳಿಯುವ ವಾರ್ನಿಶ್‌ನ ಹೊಗೆಯನ್ನು ವರ್ಷಾನುಗಟ್ಟಲೆ ಕುಡಿದ ಎದೆ ಕೊನೆಗೆ ಕೈಕೊಟ್ಟಿತು. ಕೆಮ್ಮು ಹಿಡಿಯಿತು, ಅಂಗಡಿ ಮುಚ್ಚಿತು, ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಓಡಾಟ ಶುರುವಾಯಿತು. ಒಂದು ದಿನ ಡಾಕ್ಟರು ಅವಳೊಬ್ಬಳನ್ನೇ ಬಾಗಿಲಾಚೆ ಕರೆದು, ಇನ್ನು ಕೆಲವೇ ತಿಂಗಳು ಎಂದರು. ಮುಖ ತೊಳೆದುಕೊಂಡು ಒಳಗೆ ಬಂದವಳು ಗಂಡನಿಗೆ, "ಔಷಧಿ ಹಿಡೀತಾ ಇದೆಯಂತೆ. ಮೆಲ್ಲಗೆ ಸರಿಹೋಗತ್ತಂತೆ" ಎಂದಳು.

"ಹಾಗಂದ್ರಾ? ಸರಿ ಹಾಗಾದ್ರೆ" ಎಂದ ಅವನು.

ಆ ಸುಳ್ಳನ್ನು ಅವಳು ಬಹಳ ಜೋಪಾನವಾಗಿ ಸಾಕಿದಳು. ಮುಂದಿನ ವರ್ಷ ಅಂಗಡಿಗೆ ಸುಣ್ಣ ಹೊಡೆಸುವ ಮಾತಾಡಿದಳು, ಅವನ ಕಾಲಿಗೆ ಹೊಸ ಚಪ್ಪಲಿ ತಂದಳು. ಹೊರಗೆ ಅತ್ತು ಒಳಗೆ ನಕ್ಕಳು. ಮಕ್ಕಳಿಲ್ಲದ ಮನೆ, ಇರುವುದು ಇಬ್ಬರೇ. ಸುಳ್ಳಿಗೆ ಸಾಕ್ಷಿ ಹೇಳುವವರೂ ಇರಲಿಲ್ಲ, ಸುಳ್ಳನ್ನು ಬಯಲು ಮಾಡುವವರೂ ಇರಲಿಲ್ಲ. ಅವನಿಗೆ ತಿಳಿಯದ ಹಾಗೆ ನೋಡಿಕೊಂಡರೆ ಸಾಕು, ಉಳಿದ ದಿನಗಳಾದರೂ ಭಯವಿಲ್ಲದೆ ಕಳೆದಾವು ಅನ್ನುವುದೊಂದೇ ಅವಳ ಆಸೆ.

ರಜೆ ಹಾಕಿ ಮನೆ ತೂಗಲು ಕೂತಾಗ ಅವನಿಗೆ ಖುಷಿಯೋ ಖುಷಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತ.

"ಏನೇ ತಕ್ಕಡಿ, ಕೊನೆಗೂ ನಿನ್ನ ಕೈಗೆ ನಾವೇ ಸಿಕ್ಕಿಬಿದ್ವಲ್ಲ. ತೂಕ ನೀನು ಹೇಳು, ಲೆಕ್ಕ ನಂಗೆ ಬಿಡು."

"ಮೊದ್ಲು ನಿಮ್ಮನ್ನೇ ತೂಗಬೇಕು. ಬಾಯಿಗೇ ಅರ್ಧ ತೂಕ ಹೋಗತ್ತೆ."

"ಬಾಯಿಗೆ ಬೆನ್ನುಹೊರೆ ಇಲ್ಲ ಕಣೇ. ಎಲ್ಲೂ ಅಗೆದು ತಂದಿದ್ದಲ್ಲ, ನಮ್ಮಮ್ಮ ಕೊಟ್ಟಿದ್ದು."

ಅವಳು ಒಂದೊಂದೇ ಸಾಮಾನು ಎತ್ತಿ ತಕ್ಕಡಿಗೆ ಇಡುವಳು, ತೂಕ ಕೂಗುವಳು. ಅವನು ಕಣ್ಣು ಮುಚ್ಚಿ ಗುಣಿಸುವನು. ಬಾಳಿಕೆಯ ವಿಷಯ ಬಂದಾಗ ಅವನ ಮಾತೇ ಕೊನೆ, ರಿಪೇರಿಯವನಲ್ಲವೇ. "ಮಿಕ್ಸಿ? ಬುಶ್ ಸವೆದಿದೆ. ಆರು ವರ್ಷ ಅಂತ ಬರ್ಕೋ." "ಇಸ್ತ್ರಿಪೆಟ್ಟಿಗೆ ಐದು." ಅವಳು ವರ್ಷದಿಂದ ಭಾಗಿಸಿ, ಮತ್ತೆ ಇಬ್ಬರಿಂದ ಭಾಗಿಸಿ, ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುವಳು. ಸಂಜೆಯ ಹೊತ್ತಿಗೆ ಪಾತ್ರೆಪಗಡಗಳೆಲ್ಲ ಪರೀಕ್ಷೆಗೆ ಕೂತ ಮಕ್ಕಳ ಹಾಗೆ ನಂಬರು ಹೊತ್ತು ನಿಂತಿದ್ದವು. ಹೊಸ ಚಪ್ಪಲಿ ತಕ್ಕಡಿಗೆ ಬಂದಾಗ ಅವಳು ಅವನ ಮುಖ ನೋಡದೆ, "ಇದು ನಾಲ್ಕು ವರ್ಷ ಬರತ್ತೆ" ಎಂದಳು.

"ನಾಲ್ಕು ಬರ್ಲಿ. ಗಟ್ಟಿ ಚಪ್ಪಲಿ" ಎಂದ ಅವನು.

ಮರುದಿನ ಮಧ್ಯಾಹ್ನ ಅವನಿಗೆ ಕೆಮ್ಮು ಜೋರಾಯಿತು. ಬೆನ್ನು ಸವರಿ, ಬಿಸಿನೀರು ಕುಡಿಸಿ, ಕುರ್ಚಿಯಲ್ಲೇ ಒರಗಿಸಿದಳು. ಅವನಿಗೆ ಜೊಂಪು ಹತ್ತಿತು. ಸುಮ್ಮನೆ ಕೂತರೆ ಅಳು ಬರುತ್ತದೆಂದು ಅವಳು ಮಂಚಕ್ಕೆ ಕೈಹಾಕಿದಳು. ಕಬ್ಬಿಣದ ಜೋಡಿ ಮಂಚ. ಒಂದೊಂದೇ ಕಡೆ ಎತ್ತಿ ತೂಗಿ ಕೂಡಿಸಿದಾಗ ನಲವತ್ತು ಕಿಲೋ ಬಂತು. ಹತ್ತು ಪಟ್ಟು ಅಂದರೆ ನಾನೂರು ಕಿಲೋ ಹೊರೆ. ಕಾಲುಗಳಿಗೆ ತುಕ್ಕು ಹಿಡಿದಿತ್ತು, ಇನ್ನಿಪ್ಪತ್ತು ವರ್ಷ ಬಂದರೆ ಹೆಚ್ಚು. ವರ್ಷಕ್ಕೆ ಇಪ್ಪತ್ತಾಯಿತು. ತಲೆಹಲಗೆಯ ಮೇಲೆ ಇಪ್ಪತ್ತು ಎಂದು ಬರೆದಳು.

"ಮಂಚ ಎಷ್ಟಾಯ್ತು?" ಅವನಿಗೆ ಯಾವಾಗಲೋ ಎಚ್ಚರವಾಗಿತ್ತು.

"ನಲವತ್ತು ಕಿಲೋ, ಇಪ್ಪತ್ತು ವರ್ಷ. ತಲೆಗೆ ಇಪ್ಪತ್ತು."

ಅವನು ಕಣ್ಣು ಮುಚ್ಚಿದ. ತುಟಿ ಅಲ್ಲಾಡಿದವು. ಆಮೇಲೆ ಕಣ್ಣು ತೆರೆದು ಕಿಟಕಿಯಾಚೆ ನೋಡಿದ.

"ಇಪ್ಪತ್ತಾ?"

"ಹೂಂ, ಇಪ್ಪತ್ತು."

"ಸರಿ."

ಅವಳಿಗೆ ಅದು ಹೊಳೆದದ್ದು ಅಡುಗೆಮನೆಯಲ್ಲಿ, ಲೋಟ ತೊಳೆಯುವಾಗ. ಇಬ್ಬರಿಂದ ಭಾಗಿಸಿರಲಿಲ್ಲ. ಇಪ್ಪತ್ತು ವರ್ಷ ಆ ಮಂಚದ ಮೇಲೆ ಮಲಗುವವರು ಯಾರೆಂದು ತಲೆ ಯೋಚಿಸುವ ಮೊದಲೇ ಕೈ ಬರೆದುಬಿಟ್ಟಿತ್ತು. ಪದ್ಧತಿಯ ಪ್ರಕಾರ ಅದು ಸರಿಯಾದ ಲೆಕ್ಕವೇ. ಹಾಳು ಪದ್ಧತಿ. ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದು, "ರೀ, ಮಂಚದ ಲೆಕ್ಕ ತಪ್ಪಾಗಿದೆ, ಹತ್ತು ಅದು. ನಂಗೆಲ್ಲೋ ಮರೆವು" ಎಂದಳು. ಸೆರಗಿನಿಂದಲೇ ತಿಕ್ಕಿ ತಿಕ್ಕಿ ಇಪ್ಪತ್ತನ್ನು ಅಳಿಸಿ ಹತ್ತು ಎಂದು ಬರೆದಳು.

"ಹೌದಾ? ನಾನು ನಿದ್ದೆಗಣ್ಣಲ್ಲಿದ್ದೆ, ಸರಿಯಾಗಿ ಕೇಳಿಸ್ಕೊಳ್ಳಲೇ ಇಲ್ಲ ಬಿಡು" ಎಂದ ಅವನು.

ಆ ಮಾತನ್ನು ಅವಳು ನಂಬಿದಳು. ನೂರಾರು ಸುತ್ತಿನಲ್ಲಿ ಒಂದು ಸುತ್ತು ತಪ್ಪದ ಮನುಷ್ಯ ಎರಡರ ಭಾಗಾಕಾರ ಬಿಟ್ಟುಹೋದದ್ದನ್ನು ಗಮನಿಸಲಿಲ್ಲವೆಂದು ನಂಬಿದಳು. ನಂಬದೆ ಬದುಕುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದವನೇ, ಅಂಗಡಿಯಿಂದ ತನ್ನ ಸಾಮಾನಿನ ಚೀಲ ತರಿಸು ಎಂದು ಹಟ ಹಿಡಿದ. ಪಕ್ಕದ ಬೀದಿಯ ಮೆಕ್ಯಾನಿಕ್ ತಂದುಕೊಟ್ಟ. ಇಬ್ಬರೂ ಒಂದೇ ಕಸುಬಿನವರು, ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಂಡು ವರ್ಷಗಟ್ಟಲೆ ಮುಖ ಊದಿಸಿಕೊಂಡವರು. ಇವನು ಕಾಯಿಲೆ ಬಿದ್ದ ಮೇಲೆ ಅಣ್ಣತಮ್ಮಂದಿರಂತಾಗಿದ್ದರು. ಚೀಲದ ಜೊತೆ ಇವನ ಮುಳ್ಳಿಲ್ಲದ ಸುತ್ತುವ ಯಂತ್ರವೂ ಬಂತು.

"ಏನ್ರೀ ಇದು? ಎದ್ದು ನಿಂತ್ರೆ ಉಸಿರು ಸಿಗಲ್ಲ, ಈಗ ರಿಪೇರಿ ಬೇಕಾ?" ಅವಳ ಪಿತ್ತ ನೆತ್ತಿಗೇರಿತು.

"ಕೂತು ಕೂತು ಬೇಜಾರು ಕಣೇ. ಬಾಳಿಕೆ ಜಾಸ್ತಿಯಾದ್ರೆ ಹೊರೆ ಕಮ್ಮಿಯಾಗತ್ತೆ, ನಿಮ್ಮ ಆಫೀಸಿನವರೇ ಹೇಳೋದಲ್ವಾ. ನಿನಗೆ ಮೇಡಂ ಹತ್ರ ಒಳ್ಳೇ ಹೆಸರು ಬರ್ಲಿ."

ಮೊದಲು ಮಿಕ್ಸಿ. ಬುಶ್ ಬದಲಾಯಿಸಿ, ಎಣ್ಣೆ ಹಾಕಿ, ಕಿವಿ ಹತ್ತಿರವಿಟ್ಟು ಕೇಳಿದ. "ಇದಕ್ಕೆ ಎಷ್ಟು ವರ್ಷ ಬರ್ದಿದ್ದೆ? ಆರಲ್ವಾ? ಹನ್ನೆರಡು ಮಾಡು." ಇಸ್ತ್ರಿಪೆಟ್ಟಿಗೆಯ ಒಳಗಿನ ತಂತಿ ಬದಲಾಯಿಸಿ, "ಹತ್ತು" ಎಂದ. ಕುರ್ಚಿಯ ಕಾಲಿಗೆ ಬೆಣೆ ಹೊಡೆದ, ಕುಕ್ಕರಿನ ಹಿಡಿ ಬಿಗಿ ಮಾಡಿದ, ಬೀರುವಿನ ತಿರುಗುಣಿಗೆ ಗ್ರೀಸು ತುಂಬಿದ. ಹತ್ತು ನಿಮಿಷ ಕೆಲಸ, ಅರ್ಧ ಗಂಟೆ ಏದುಸಿರು. ಅವಳು ಬೈದಳು, ಬೇಡಿಕೊಂಡಳು, ಮಾತು ಬಿಟ್ಟಳು. ಅವನು ಯಾವುದಕ್ಕೂ ಜಗ್ಗಲಿಲ್ಲ. ಎಷ್ಟೋ ದಿನದಿಂದ ಇಲ್ಲದ ಕಳೆ ಅವನ ಮುಖದ ಮೇಲಿತ್ತು.

ಕೊನೆಗೆ ಮಂಚ. ನೆಲದ ಮೇಲೆ ಕೂತು ಕಾಲುಗಳ ತುಕ್ಕನ್ನು ಮರಳುಕಾಗದದಿಂದ ಉಜ್ಜಿದ. ಅವಳು ಬಣ್ಣ ಬಳಿದಳು. ನಟ್ಟು ಬೋಲ್ಟುಗಳನ್ನೆಲ್ಲ ಹೊಸದು ಹಾಕಿಸಿದ. ಗೋಡೆಗೆ ಒರಗಿ ಸುಮಾರು ಹೊತ್ತು ಉಸಿರು ಹುಡುಕಿಕೊಂಡು, ಆಮೇಲೆ ಹೇಳಿದ:

"ನಲವತ್ತು ವರ್ಷ ಅಂತ ಬರಿ. ಈಗ ಎಷ್ಟು ಬಂತು?"

"ನಾನೂರು, ನಲವತ್ತು ವರ್ಷ, ಇಬ್ಬರು. ಐದು."

"ಹಾಗಲ್ಲ. ಆವತ್ತು ಮೊದಲ ಸಲ ಮಾಡಿದ ಹಾಗೆ ಮಾಡು."

ಅವಳ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು. ಅವನು ಅವಳತ್ತ ನೋಡುತ್ತಿರಲಿಲ್ಲ. ಬಣ್ಣದ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಕೂರಿಸುತ್ತಿದ್ದ.

"ಹತ್ತು" ಎಂದಳು.

"ಹಾಂ, ಹತ್ತು. ನೋಡು, ಇಬ್ಬರಿದ್ದಾಗ ಎಷ್ಟಿತ್ತೋ ಅಷ್ಟೇ. ನಿನ್ನ ತಲೆ ಮೇಲೆ ಒಂದು ಕಿಲೋನೂ ಜಾಸ್ತಿ ಆಗಲ್ಲ."

ಆರು ಹನ್ನೆರಡಾದದ್ದು, ಐದು ಹತ್ತಾದದ್ದು ಎಲ್ಲ ಒಮ್ಮೆಗೇ ಅವಳ ಕಣ್ಣಿಗೆ ಕಟ್ಟಿತು. ಭಾಗಿಸುವವರಲ್ಲಿ ಒಬ್ಬ ಕಡಿಮೆಯಾದರೆ ವರ್ಷ ದುಪ್ಪಟ್ಟಾಗಬೇಕು. ಆಗ ಸಂಖ್ಯೆ ಹಾಗೇ ಉಳಿಯುತ್ತದೆ. ಈ ಮನುಷ್ಯ ಒಂದು ವಾರದಿಂದ ಕೂತು ತಾನಿಲ್ಲದ ಮನೆಯ ಲೆಕ್ಕವನ್ನು ತಾನಿರುವಾಗಿನ ಲೆಕ್ಕಕ್ಕೆ ತಂದು ನಿಲ್ಲಿಸುತ್ತಿದ್ದ. ಅವಳು ಬಣ್ಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತಳು. ಒಳಗೆ ಹೋಗಿ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಡಾಕ್ಟರು ಹೀಗಂದರು, ನಾನು ಸುಳ್ಳು ಹೇಳಿದೆ, ತಪ್ಪಾಯಿತು, ನಿಮ್ಮನ್ನು ಬಿಟ್ಟು ನನಗೆ ಇರಲಾಗದು ಎಂದು. ಮುಖ ತೊಳೆದು ಒಳಗೆ ಬಂದರೆ ಅವನು ದಣಿದು ನಿದ್ದೆ ಹೋಗಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮರುದಿನ ಉಳಿದದ್ದು ಟೇಬಲ್ ಫ್ಯಾನು ಒಂದೇ. ಅವರ ಮದುವೆಗೆ ಮುಂಚಿನದು, ಬೇಸಿಗೆಯಲ್ಲಿ ಮಂಚದ ಪಕ್ಕ ಇಡುತ್ತಿದ್ದದ್ದು. ಅದರ ಕಾಯಿಲ್ ಸುಟ್ಟು ಎಷ್ಟೋ ಕಾಲವಾಗಿತ್ತು. ಊರಿನ ಫ್ಯಾನನ್ನೆಲ್ಲ ತಿರುಗಿಸಿದವನ ಮನೆಯಲ್ಲಿ ಫ್ಯಾನು ಕೆಟ್ಟು ಕೂತಿದೆ ಎಂದು ಅವಳು ಆಡಿಕೊಳ್ಳುತ್ತಿದ್ದಳು. ಹಳೇ ತಂತಿ ಕಿತ್ತು ಹಾಕಿದ್ದ. ಕುರ್ಚಿಯ ಮುಂದೆ ಸ್ಟೂಲು ಎಳೆದುಕೊಂಡು, ಯಂತ್ರ ಕಟ್ಟಿ, ಸುತ್ತಲು ಶುರು ಮಾಡಿದ್ದ. ತುಟಿ ಅಲ್ಲಾಡುತ್ತಿದ್ದವು.

ಅವಳು ಬಾಗಿಲಲ್ಲಿ ನಿಂತಳು. ಇವತ್ತು ಹೇಳಿಬಿಡಬೇಕೆಂದೇ ಬಂದಿದ್ದಳು.

"ರೀ..."

ಅವನು ಎಡಗೈ ಎತ್ತಿ ಬೆರಳು ಅಲ್ಲಾಡಿಸಿದ.

ಕಾದಳು. ಹಿಡಿ ಒಂದೊಂದು ಸುತ್ತು ಬರುವಾಗಲೂ ಅವನ ಹೆಗಲು ಏರಿ ಇಳಿಯುತ್ತಿತ್ತು. ಆಮೇಲೆ ಕೈ ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು. ತಂತಿ ಬಿಚ್ಚಿಕೊಳ್ಳದ ಹಾಗೆ ತುದಿಗೆ ಒಂದು ಚೂರು ಟೇಪು ಅಂಟಿಸಿ ಕುರ್ಚಿಗೆ ಒರಗಿದ.

"ಇವತ್ತಿಗೆ ಸಾಕು. ನಾಳೆ ಮುಗಿಸ್ತೀನಿ."

"ಎಲ್ಲಿಗೆ ಬಂತು ಅಂತ ನೆನಪಿರತ್ತಾ?"

"ತಲೇಲಿದೆ ಬಿಡೇ. ನಾನು ಯಾವತ್ತಾದ್ರೂ ಮರ್ತಿದ್ದೀನಾ?"

ಎಷ್ಟು ಸುತ್ತಾಯಿತು ಎಂದು ಕೇಳಿಬಿಡಬಹುದಿತ್ತು. ಆದರೆ ಅದನ್ನು ಕೇಳಿದರೆ, ನಾಳೆ ನೀವಿಲ್ಲದಿದ್ದರೆ ಎಂದು ಕೇಳಿದ ಹಾಗೆ. ನಿನ್ನೆ ಅವನೇ ಬಾಗಿಲು ತೆರೆದಿದ್ದ, ಅವಳು ಒಳಗೆ ಹೆಜ್ಜೆಯಿಡಬೇಕಿತ್ತು ಅಷ್ಟೇ. ಅವಳಿಂದ ಆಗಲಿಲ್ಲ. ಇಷ್ಟು ದಿನ ಸಾಕಿದ ಸುಳ್ಳು ಅವಳ ನಾಲಿಗೆಯನ್ನೇ ಕಟ್ಟಿಹಾಕಿತ್ತು.

"ಸರಿ, ನಾಳೆ ಮುಗಿಸಿ. ನಂಗೂ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ನಾಳೆ ಹೇಳು. ಕಾಯಿಲ್ ಮುಗಿದ ಮೇಲೆ" ಎಂದು ಅವನು ನಕ್ಕ.

ಬೆಳಿಗ್ಗೆ ಅವಳು ನೀರು ತರಲು ಹೋಗಿ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಕುರ್ಚಿಯಲ್ಲೇ, ಕಂಬಳಿ ಹೊದ್ದಂತೆಯೇ. ಸ್ಟೂಲನ್ನು ಮುಂದೆ ಎಳೆದುಕೊಂಡಿದ್ದ, ಟೇಪು ಮಾತ್ರ ಬಿಚ್ಚಿರಲಿಲ್ಲ.

ಬರಬೇಕಾದವರು ಬಂದರು, ಆಡಬೇಕಾದ ಮಾತು ಆಡಿದರು, ಹೋದರು. ಎಲ್ಲ ಮುಗಿದ ಮೇಲೆ ಪಕ್ಕದ ಬೀದಿಯ ಮೆಕ್ಯಾನಿಕ್ ಯಂತ್ರವನ್ನು ಮತ್ತೆ ಅಂಗಡಿಯಲ್ಲಿಡಲು ತೆಗೆದುಕೊಂಡು ಹೋಗಲು ಬಂದ. ಅರ್ಧ ಸುತ್ತಿದ ಕಾಯಿಲನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ಎಷ್ಟು ಸುತ್ತಾಗಿತ್ತು ಅಂತ ಅಣ್ಣ ಏನಾದ್ರೂ ಹೇಳಿದ್ರಾ ಅತ್ತಿಗೆ?"

"ಇಲ್ಲ. ನಾನು ಕೇಳಲಿಲ್ಲ."

"ಹಾಗಾದ್ರೆ ಮುಂದುವರಿಸೋಕಾಗಲ್ಲ. ಪೂರ್ತಿ ಬಿಚ್ಚಿ ಮೊದಲಿಂದ ಸುತ್ತಬೇಕು. ಕೊಡಿ, ಸಂಜೆಗೆ ಮಾಡಿ ತಂದ್ಬಿಡ್ತೀನಿ. ಹದಿನೈದು ವರ್ಷಕ್ಕೆ ಮೋಸ ಇಲ್ಲ."

ಅವಳು ಅವನ ಕೈಯಿಂದ ಕಾಯಿಲನ್ನು ಮೆಲ್ಲಗೆ ತೆಗೆದುಕೊಂಡಳು. "ಬಿಚ್ಚೋದು ಬೇಡಪ್ಪ" ಎಂದಳು. ಅವನು ಅವಳ ಮುಖ ನೋಡಿ, ಯಂತ್ರವನ್ನಷ್ಟೇ ಎತ್ತಿಕೊಂಡು ಹೊರಟ.

ಕೆಲಸಕ್ಕೆ ಮರಳಿದ ದಿನ ಮೇಡಂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನ ಹೇಳಿದರು. ಆಮೇಲೆ ಅಳುಕುತ್ತಲೇ ಅವಳ ಮನೆಯ ಲೆಕ್ಕ ಮುಂದಿಟ್ಟರು. "ಈಗಲೇ ಅಂತಲ್ಲಮ್ಮ. ಯಾವಾಗಲಾದ್ರೂ ಸರಿಮಾಡು. ಒಬ್ಬರೇ ಇರೋ ಮನೆಗೆ ತಲೆಗೆ ಇಷ್ಟು ಕಮ್ಮಿ ಹೊರೆ ಬರೋದಿಲ್ಲ. ಇದು ಇಬ್ಬರಿಂದ ಭಾಗಿಸಿದ ಹಾಗಿದೆ."

"ಒಬ್ಬರಿಂದಲೇ ಭಾಗಿಸಿದ್ದು ಮೇಡಂ. ಬೇಕಾದ್ರೆ ಬಂದು ನೋಡಿ. ಒಂದೊಂದು ಸಾಮಾನನ್ನೂ ಅವರು ರಿಪೇರಿ ಮಾಡಿಟ್ಟು ಹೋಗಿದ್ದಾರೆ."

ಮೇಡಂ ಮತ್ತೊಮ್ಮೆ ಓದಿದರು. ಕೊನೆಯ ಸಾಲಿನ ಮೇಲೆ ಅವರ ಬೆರಳು ನಿಂತಿತು. "ಈ ಟೇಬಲ್ ಫ್ಯಾನ್? ಬಾಳಿಕೆ ಏನೂ ಇಲ್ಲ ಅಂತ ಹಾಕಿದ್ದೀಯ. ಹಾಗೆ ಹಾಕಿದ್ರೆ ತಾಮ್ರದ ಹೊರೆಯೆಲ್ಲ ಈ ಒಂದೇ ವರ್ಷಕ್ಕೆ, ನಿನ್ನೊಬ್ಬಳ ಮೇಲೆ ಬೀಳತ್ತಲ್ಲ. ಸುತ್ತಿಸಿಬಿಟ್ರೆ ಎಷ್ಟು ಹಗುರಾಗತ್ತೆ."

"ಗೊತ್ತು ಮೇಡಂ" ಎಂದಳು ಅವಳು. "ಅದನ್ನ ಹಗುರ ಮಾಡೋದು ಬೇಡ. ಹಾಗೇ ಇರಲಿ."

ಸಂಜೆ ಮನೆಗೆ ಬಂದು ಬೀಗ ತೆಗೆದಳು. ಕುಕ್ಕರು, ಕುರ್ಚಿ, ಬೀರು, ಎಲ್ಲದರ ಮೇಲೂ ಸೀಮೆಸುಣ್ಣದ ಸಂಖ್ಯೆಗಳು ಹಾಗೇ ಇದ್ದವು, ಇಬ್ಬರಿದ್ದಾಗಿನವೇ. ಫ್ಯಾನಿನ ಮೇಲೆ ಮಾತ್ರ ಇನ್ನೂ ಏನೂ ಬರೆದಿರಲಿಲ್ಲ. ಚೀಲದಿಂದ ಸೀಮೆಸುಣ್ಣ ತೆಗೆದು ಅದರ ಪೂರ್ತಿ ಹೊರೆಯನ್ನು ಬರೆದಳು, ಯಾವುದರಿಂದಲೂ ಭಾಗಿಸದೆ. ಕಾಯಿಲಿನ ತುದಿಯ ಟೇಪು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಮಂಚದ ಮೇಲೆ ಕೂತು, ಕಾಯಿಲನ್ನು ಮಡಿಲಲ್ಲಿಟ್ಟುಕೊಂಡು, ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ನಾಳೆ ಹೇಳುತ್ತೇನೆ ಎಂದಿದ್ದ ಮಾತನ್ನು ಅದಕ್ಕೆ ಮೊದಲಿಂದ ಹೇಳತೊಡಗಿದಳು.